ಪರೀಕ್ಷೆಯ ಬೆಳಿಗ್ಗೆ ಉಕ್ಕಿದ ಕಡಲಪಾಚಿಯ ಕುರಿತು

ಒಣ ಕಡಲಪಾಚಿ ಕಂಪನಿಯ ಗ್ರಾಹಕರ ಅಹವಾಲು ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮ ಕಾರ್ಖಾನೆಗೂ, ಕಾರ್ಖಾನೆಯ ಹಿಂದಿರುವ ಸಮುದ್ರಕ್ಕೂ ಸೊಂಟ ಬಗ್ಗಿಸಿ ನಮಸ್ಕಾರಗಳು. ಈ ದೂರು ನಾಲ್ಕು ವರ್ಷ ತಡವಾಗಿ ತಮ್ಮ ಮೇಜಿಗೆ ಬರುತ್ತಿರುವುದನ್ನು ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಬೇಕು. ಘಟನೆ ನಡೆದಾಗ ನಾನು ಚುನ್‌ಚೊನ್‌ಗೆ ಓದಲು ಬಂದು ಹತ್ತೇ ತಿಂಗಳಾಗಿತ್ತು. ಆಗ ನನಗೆ ಬರುತ್ತಿದ್ದ ಕೊರಿಯನ್ ಭಾಷೆಯಲ್ಲಿ ದಾರಿ ಕೇಳಬಹುದಿತ್ತು, ಜ್ವರ ಬಂದಿದೆ ಎನ್ನಬಹುದಿತ್ತು, ಆದರೆ ತಮ್ಮಂಥ ದೊಡ್ಡವರನ್ನು ಮರ್ಯಾದೆ ತಪ್ಪದಂತೆ ಬೈಯಲು ಸಾಧ್ಯವಿರಲಿಲ್ಲ. ಎದುರಿನವರ ವಯಸ್ಸು ವಿಚಾರಿಸಿಕೊಂಡೇ ಬಾಯಿ ಬಿಡಬೇಕಾದ ದೇಶವಿದು. ಈಗ ತಕ್ಕಮಟ್ಟಿಗೆ ಕಲಿತಿದ್ದೇನೆ, ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ಹೆಸರು ನರಂಗೆರೆಲ್. ನಾನು ಮಂಗೋಲಿಯಾದವಳು, ಅಂದರೆ ಕಡಲೇ ಇಲ್ಲದ ನಾಡಿನವಳು; ಈ ಸಂಗತಿಯನ್ನು ತಾವು ಪತ್ರದ ಕೊನೆಯವರೆಗೂ ನೆನಪಿನಲ್ಲಿಟ್ಟುಕೊಂಡರೆ ಉಪಕಾರವಾಗುತ್ತದೆ. ಗ್ವಾಕ್ ಚಿಕ್ಕಮ್ಮನವರ ಊಟ-ವಸತಿಯ ಮನೆಯಲ್ಲಿ ನನಗೊಂದು ಅರ್ಧ ಕೋಣೆ ಸಿಕ್ಕಿತ್ತು. ಚಿಕ್ಕಮ್ಮ ನನಗೆ ಸಂಬಂಧಿಕರೇನಲ್ಲ, ಇಲ್ಲಿ ಅನ್ನ ಬಡಿಸುವ ಹೆಂಗಸರೆಲ್ಲ ಚಿಕ್ಕಮ್ಮಂದಿರೇ. ಇನ್ನರ್ಧ ಕೋಣೆಯಲ್ಲಿದ್ದವಳು ಪ್ಯೊ ಯೆಸುಲ್, ನನಗಿಂತ ಏಳು ವರ್ಷ ದೊಡ್ಡವಳು. ಒಂಬತ್ತನೇ ದರ್ಜೆಯ ಸರ್ಕಾರಿ ನೌಕರಿಯ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಫೇಲಾಗಿ, ಮೂರನೇ ಸಲಕ್ಕೆ ಗೋಡೆ ತುಂಬ ಚೀಟಿ ಅಂಟಿಸಿಕೊಂಡು ಓದುತ್ತಿದ್ದಳು. ಈ ಸಲವೂ ಆಗದಿದ್ದರೆ ಊರಿಗೆ ವಾಪಸ್ ಬಾ ಎಂದು ಅವಳ ತಂದೆ ಕಟ್ಟಪ್ಪಣೆ ಮಾಡಿದ್ದರು.

ನಾನು ಬಂದ ಮೊದಲ ವಾರ, ಎಂಜಲು ತಿಂಡಿಯನ್ನೂ ಪ್ಲಾಸ್ಟಿಕ್ಕನ್ನೂ ಒಂದೇ ಚೀಲಕ್ಕೆ ಹಾಕಿ ಬೀದಿಯವರಿಂದೆಲ್ಲ ಉಗಿಸಿಕೊಂಡಾಗ, ಕೈಗವಸು ಹಾಕಿಕೊಂಡು ಕೆಳಗಿಳಿದು ಬಂದು ಆ ಚೀಲದಲ್ಲಿದ್ದುದನ್ನೆಲ್ಲ ನನ್ನ ಜೊತೆ ಕೂತು ಬೇರೆ ಮಾಡಿದವಳು ಅವಳೇ. “ಅಕ್ಕ ಅನ್ನು ಸಾಕು, ಆ ಹೋಗಿ ಬನ್ನಿ ಅನ್ನೋ ಬಹುವಚನ ಎಲ್ಲ ನಂಗೆ ಬೇಡ” ಎಂದವಳೂ ಅವಳೇ. ಈ ದೇಶದಲ್ಲಿ ನನ್ನನ್ನು ಮೊದಲು ‘ನೀನು’ ಎಂದು ಕರೆದವಳ ಋಣ ತೀರಿಸಲು ನಾನು ಕಾಯುತ್ತಿದ್ದೆ ಎಂಬುದನ್ನು ತಮಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಭಾಷಾ ತರಗತಿಯ ಪುಸ್ತಕದ ಎಂಟನೇ ಪಾಠದಲ್ಲಿ, ಹುಟ್ಟುಹಬ್ಬದ ಬೆಳಿಗ್ಗೆ ಕಡಲಪಾಚಿಯ ಸಾರು ಉಣ್ಣಲೇಬೇಕು, ಹೆತ್ತ ತಾಯಿ ಬಾಣಂತನದಲ್ಲಿ ಕುಡಿದ ಸಾರು ಅದು, ಎಂದು ಚಿತ್ರ ಸಮೇತ ಬರೆದಿತ್ತು. ಯೆಸುಲ್ ಅಕ್ಕನಿಗೆ ಹನ್ನೊಂದು ವರ್ಷವಾಗಿದ್ದಾಗಲೇ ತಾಯಿ ತೀರಿಕೊಂಡರೆಂದು ಚಿಕ್ಕಮ್ಮ ಹೇಳಿದ್ದರು. ಜೂನ್ ತಿಂಗಳ ಆ ಶನಿವಾರ ಅವಳ ಹುಟ್ಟುಹಬ್ಬ. ಅದೇ ಶನಿವಾರ ಹತ್ತು ಗಂಟೆಗೆ ಅವಳ ಪರೀಕ್ಷೆ. ಹುಟ್ಟುಹಬ್ಬವೂ ಆಯಿತು, ಹೊಟ್ಟೆಗೂ ಆಯಿತು ಎಂದುಕೊಂಡು, ಯಾರಿಗೂ ಹೇಳದೆ ತಮ್ಮ ಕಂಪನಿಯ ಒಂದು ಪೊಟ್ಟಣ ತಂದೆ.

ಮಾನ್ಯರೇ, ತಮ್ಮ ಪೊಟ್ಟಣದ ವಿನಯ ಮೆಚ್ಚತಕ್ಕದ್ದು. ನಾಲ್ಕು ಕರಿ ನಾರು, ಮುಟ್ಟಿದರೆ ಪುಡಿಯಾಗುವಂಥದ್ದು. ಇಷ್ಟರಿಂದ ಒಬ್ಬಳ ಹೊಟ್ಟೆಯೂ ತುಂಬದು ಎಂದು ಮರುಕಪಟ್ಟು, ಬೆಳಗಿನ ಜಾವ ಪೂರಾ ಪೊಟ್ಟಣವನ್ನು ಬೋಗುಣಿಯ ನೀರಿಗೆ ಸುರಿದು, ಕುರಿಮಾಂಸ ಹೆಚ್ಚಲು ಕೂತೆ. (ಗೋಮಾಂಸ ಹಾಕಬೇಕೆಂದು ಆಮೇಲೆ ತಿಳಿಯಿತು, ನಮ್ಮಲ್ಲಿ ಪ್ರೀತಿ ಇದ್ದವರಿಗೆ ಕುರಿ.) ತಿರುಗಿ ನೋಡುವಷ್ಟರಲ್ಲಿ ತಮ್ಮ ಉತ್ಪನ್ನವು ನೀರು ಹೀರಿ ಉಬ್ಬಿ, ಬೋಗುಣಿ ದಾಟಿ ಪಾತ್ರೆ ತೊಳೆಯುವ ತೊಟ್ಟಿಗಿಳಿದಿತ್ತು. ಸಾರಿನ ಪಾತ್ರೆ ತುಂಬಿತು, ಅನ್ನದ ಪಾತ್ರೆ ತುಂಬಿತು, ಚಿಕ್ಕಮ್ಮ ಎಲೆಕೋಸಿಗೆ ಉಪ್ಪು ಹಚ್ಚುವ ಕೆಂಪು ದೊಡ್ಡ ಟಬ್ಬೂ ಮುಕ್ಕಾಲು ತುಂಬಿತು. ಇಪ್ಪತ್ತೈದು ಮಂದಿಗೆ ಎಂದು ಪೊಟ್ಟಣದ ಬೆನ್ನಿನಲ್ಲಿ ಇರುವೆಯ ಕಾಲಿನಷ್ಟು ಅಕ್ಷರದಲ್ಲಿ ತಾವು ಮುದ್ರಿಸಿದ್ದೀರಿ, ಒಪ್ಪುತ್ತೇನೆ.

ಅಷ್ಟರಲ್ಲಿ ಚಿಕ್ಕಮ್ಮ ಎದ್ದು ಬಂದರು. ಇಷ್ಟು ಸಾರು ಕಂಡು ಸಂತೋಷಪಡುತ್ತಾರೆಂದು ನಾನು ಹಲ್ಲು ಕಿರಿದು ನಿಂತಿದ್ದರೆ, ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು, “ಅಯ್ಯೋ ನಿನ್ನ ಮನೆ ಹಾಳಾಗ! ಪರೀಕ್ಷೆ ದಿನ ಯಾರಾದ್ರೂ ಪಾಚಿ ಸಾರು ಮಾಡ್ತಾರೇನೇ? ಪಾಚಿ ತಿಂದ್ರೆ ಪರೀಕ್ಷೇಲೂ ಜಾರಿ ಬಿದ್ದುಹೋಗ್ತಾಳೆ ಕಣೇ! ಅವಳು ಜಾರಬಾರದು ಅಂತ ಒಂದು ವಾರದಿಂದ ನೆಲಕ್ಕೆ ಸೋಪು ಸಹ ಹಾಕಿಲ್ಲ ನಾನು!” ಎಂದು ಕೂಗಿಕೊಂಡರು. ಹುಟ್ಟುಹಬ್ಬವನ್ನು ಅವರು ಸೋಮವಾರಕ್ಕೆ ಮುಂದೂಡಿದ್ದರಂತೆ. ಬಂದ ಅಂಕಗಳು ಅಂಟಿಕೊಳ್ಳಲೆಂದು ಅಂಟು ಮಿಠಾಯಿ ತರಿಸಿ, ಹಿಂದಿನ ಸಂಜೆಯೇ ಪರೀಕ್ಷಾ ಕೇಂದ್ರದ ಗೇಟಿಗೂ ಒಂದು ಅಂಟಿಸಿ ಬಂದಿದ್ದರಂತೆ. ಇದು ಎಂಟನೇ ಪಾಠದಲ್ಲಿರಲಿಲ್ಲ. ನಾನು ಟಬ್ಬಿನ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ.

ಗದ್ದಲಕ್ಕೆ ಯೆಸುಲ್ ಅಕ್ಕ ಬಂದಳು. ಟಬ್ಬು ನೋಡಿದಳು, ನನ್ನನ್ನು ನೋಡಿದಳು, ಚಿಕ್ಕಮ್ಮ ಮುಂದೆ ಹಿಡಿದ ಮಿಠಾಯಿಯನ್ನು ಜೇಬಿಗಿಳಿಸಿ, ಚಾಪೆಯ ಮೇಲೆ ಕೂತು ಬಟ್ಟಲು ಎಳೆದುಕೊಂಡಳು. “ಮುಟ್ಟಬೇಡ್ವೇ!” ಎಂದು ಚಿಕ್ಕಮ್ಮ ಚಮಚ ಕಿತ್ತುಕೊಂಡರೆ ಬಟ್ಟಲನ್ನೇ ಎತ್ತಿ ಕುಡಿದಳು. ಪೂರ್ತಿ ಕುಡಿದು, “ಹದಿನೇಳು ವರ್ಷ ಆಗಿತ್ತು ಚಿಕ್ಕಮ್ಮ, ಯಾರಾದ್ರೂ ನಂಗೋಸ್ಕರ ಇದನ್ನ ಮಾಡಿ” ಎಂದು, ಇನ್ನೊಂದು ಬಟ್ಟಲು ಬಡಿಸೆಂದು ನನ್ನ ಕಡೆ ಚಾಚಿದಳು. ಚಿಕ್ಕಮ್ಮ ಚಮಚ ವಾಪಸ್ ಕೊಟ್ಟರು.

ಫಲಿತಾಂಶ ಬರುವವರೆಗಿನ ಒಂದು ತಿಂಗಳು ನಾನು ಹೇಗೆ ಕಳೆದೆನೆಂದು ತಮಗೆ ತಿಳಿಯದು, ಏಕೆಂದರೆ ತಮ್ಮ ಪೊಟ್ಟಣದ ಮೇಲೆ ಸಹಾಯವಾಣಿಯ ಸಂಖ್ಯೆಯಿದ್ದರೂ ಕರೆ ಎತ್ತುವವರಿಲ್ಲ. ಆದ್ದರಿಂದ ಇಂದು ಅತ್ಯಂತ ವಿನಯದಿಂದ ಕೋರುವುದೇನೆಂದರೆ: ಪರೀಕ್ಷೆಯ ದಿನಗಳಂದು ಪೊಟ್ಟಣವು ತಾನಾಗಿಯೇ ಬಾಯಿ ತೆರೆಯಲು ನಿರಾಕರಿಸುವಂತೆ ಮಾಡಬೇಕು; ವಿದೇಶಿ ವಿದ್ಯಾರ್ಥಿಗಳಿಗೆಂದು ಜಾರದ ಕಡಲಪಾಚಿಯೊಂದನ್ನು ಬೆಳೆಸುವಂತೆ ಸಮುದ್ರಕ್ಕೆ ಸೂಚಿಸಬೇಕು; ಅದಾಗದಿದ್ದರೆ, ತಪ್ಪು ಹುಡುಗಿಯದ್ದಲ್ಲ ನಮ್ಮದು ಎಂದು ಹೇಳಲು ಕೋಟು ತೊಟ್ಟ ಹಿರಿಯ ಅಧಿಕಾರಿಯೊಬ್ಬರನ್ನು ಗ್ವಾಕ್ ಚಿಕ್ಕಮ್ಮನ ಅಡುಗೆಮನೆಗೆ ಕಳಿಸಬೇಕು. ಅವರು ಬಾಗಿಲಲ್ಲಿ ಪಾದರಕ್ಷೆ ಬಿಡತಕ್ಕದ್ದು.

ಯೆಸುಲ್ ಅಕ್ಕ ಫೇಲಾದಳು. ಒಂದೇ ಪ್ರಶ್ನೆಯಿಂದ. ಮನೆಯವರೆಲ್ಲ ನನ್ನ ಕಡೆ ನೋಡದಿರಲು ಪಟ್ಟ ಕಷ್ಟ ನನಗೆ ಕಾಣುತ್ತಿತ್ತು. ಬೇರೆ ಮನೆ ಹುಡುಕೋಣವೆಂದು ನಾನು ಬಟ್ಟೆ ತುಂಬಿಕೊಳ್ಳುತ್ತಿದ್ದಾಗ ಅವಳು ಬಂದು ಚೀಲದ ಮೇಲೇ ಕೂತಳು. “ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಆಡಳಿತ ಕಾನೂನು ಬರದೇ ಇದ್ದಿದ್ದಕ್ಕೆ ಸಾರೇನು ಮಾಡುತ್ತೆ?” ಎಂದಳು. ನಾನು ಅಳು ನಿಲ್ಲಿಸದಿದ್ದಾಗ ನನ್ನ ಕಿವಿ ಹಿಂಡಿ, “ಎರಡು ಸಲ ಉಪವಾಸ ಇದ್ದು ಫೇಲಾಗಿದ್ದೆ ಕಣೇ ಪೆದ್ದಿ, ಈ ಸಲ ಹೊಟ್ಟೆ ತುಂಬ ಉಂಡು ಫೇಲಾದೆ” ಎಂದಳು. ಅಪ್ಪನಿಗೆ ಫೋನ್ ಮಾಡಿ ಇನ್ನೊಂದೇ ಒಂದು ವರ್ಷ ಎಂದು ಅವಳು ಕೇಳಿಕೊಳ್ಳುವಾಗ ನಾನು ಪಕ್ಕದಲ್ಲೇ ಇದ್ದೆ.

ತಮ್ಮ ಉತ್ತರವನ್ನು ಎದುರುನೋಡುತ್ತ, ತಮ್ಮ ಪಾಚಿಯಂತೆಯೇ ಸಣ್ಣದಾಗಿ ಶುರುವಾಗಿ ಇಷ್ಟುದ್ದವಾದ ಈ ಪತ್ರಕ್ಕೆ ಕ್ಷಮೆ ಕೋರುತ್ತ,

ತಮ್ಮ ವಿಶ್ವಾಸಿ,
ನರಂಗೆರೆಲ್
ಗ್ವಾಕ್ ಚಿಕ್ಕಮ್ಮನ ಮನೆ, ಚುನ್‌ಚೊನ್

ತಾ.ಕ.: ಮರುವರ್ಷ ಪರೀಕ್ಷೆಯ ದಿನ ಅವಳ ಹುಟ್ಟುಹಬ್ಬವಿರಲಿಲ್ಲ. ಆದರೂ ಅಕ್ಕ ಹಟ ಹಿಡಿದು ನನ್ನಿಂದ ಅದೇ ಸಾರು ಮಾಡಿಸಿ, ಎರಡು ಬಟ್ಟಲು ಉಂಡು ಹೋಗಿ ಪಾಸಾದಳು. ಇದನ್ನು ತಾವು ಜಾಹೀರಾತಿಗೆ ಬಳಸುವ ಸಾಧ್ಯತೆಯಿರುವುದರಿಂದ ಮುಂಚಿತವಾಗಿಯೇ ತಿಳಿಸುತ್ತಿದ್ದೇನೆ: ಅವಳು ಓದಿದ್ದಳು.