ಗಂಡನ ಹೆಸರು ಕೇಳಿದ ಮಷೀನು

ಅರ್ಜಿ ಬರಿಯೋ ಕುರ್ಚ್ಯಾಗ ಹದಿನಾಲ್ಕ ವರ್ಷ ಕುಂತೇನ್ರಿ. ನಗೂ ಪ್ರಸಂಗ ಹುಡಿಕ್ಕೊಂಡ ಹೋಗೋ ಜರೂರತ್ತ ನನಗ ಎಂದೂ ಬಂದಿಲ್ಲ, ಅವ ಪಾಳಿ ಹಚ್ಚಿ ನನ್ನ ಕಡೆ ಬರತಾವ. ಈ ವರ್ಷ ನಮ್ಮ ವಿಜಯಪುರದ ಸೇವಾ ಕೇಂದ್ರಕ್ಕ ಮಾತಾಡೋ ಮಷೀನ ಬಂದ ಮ್ಯಾಲಂತೂ ಆ ಪಾಳಿ ಬಾಗಲಾ ದಾಟೇತಿ. ಎಐ ಅಂತಾರ ಅದಕ್ಕ. ಎದುರ ಕುಂತ ಬಾಯಿಲೆ ಹೇಳಿದ್ರ ಸಾಕು, ಅರ್ಜಿ ಅದ ಬರದು ಆನ್‌ಲೈನ್ ಕಳಸತೈತಿ.

ಮ್ಯಾಲಿನ ಸಾಹೇಬ್ರು ಬಂದು, "ಒಂದ ತಿಂಗಳ ನೋಡೂಣ್ರಿ ಬಾಯಾರ. ಇದೊಂದ ಎಲ್ಲಾ ಸಂಭಾಳಿಸ್ತು ಅಂದ್ರ ನಿಮ್ಮ ಕುರ್ಚಿ ಬ್ಯಾಡ. ಅಲ್ಲೀತನಕ ನೀವು ಬಾಜೂಕ ಕುಂದರ್ರಿ, ಕೀಬೋರ್ಡ ಮುಟ್ಟಬ್ಯಾಡ್ರಿ" ಅಂದ್ರು. ನಾ ಕುರ್ಚಿ ಬಾಜೂಕ ಎಳಕೊಂಡೆ. ಹೊಟ್ಟಿಪಾಡಿನ ಕುರ್ಚಿರಿ ಅದು!

೧. ಅಡ್ಡಿ ಇಲ್ಲ

ಮೊದಲ ಬಂದಾಂವ ಬಬಲೇಶ್ವರದ ಒಬ್ಬ ರೈತ. ಮಗಳ ಸಾಲಿಗೆ ಆದಾಯ ಪ್ರಮಾಣಪತ್ರ ಬೇಕಾಗಿತ್ತು. ಎಲ್ಲಾ ಬರಕೊಂಡು ಮಷೀನ ಕೇಳ್ತು, "ಅರ್ಜಿ ಸಲ್ಲಿಸಲೇ?"

"ಅಡ್ಡಿ ಇಲ್ಲ."

"ಇಲ್ಲ ಎಂದಿದ್ದೀರಿ. ಅರ್ಜಿ ರದ್ದಾಗಿದೆ."

ನಮ್ಮ ಕಡೆ ಅಡ್ಡಿ ಇಲ್ಲ ಅಂದ್ರ ಖುಷೀಲೆ ಹೂಂ ಅಂದಂಗ. ಅದಕ್ಕೇನ ಗೊತ್ತು, ಪಾಪ! ಮೂರ ಸಲ ಮೊದಲಿಂದ ಬರಿಸಿದ, ಮೂರೂ ಸಲ ಅಡ್ಡಿ ಇಲ್ಲ ಅಂದ, ಮೂರೂ ಸಲ ರದ್ದ. ನಾಕನೇದ್ದಕ್ಕ ನಾ ತುಟಿಲೆ ಸನ್ನಿ ಮಾಡಿ ಹೌದು ಅನಿಸಿದೆ.

"ಬೇರೆ ಏನಾದರೂ ತೊಂದರೆ ಇದೆಯೇ?" ಅಂತು ಮಷೀನ.

"ಬ್ಯಾರೇದ್ಯಾಕ, ನೀನs ಅದೀಯಲ್ಲೋ ಯಪ್ಪಾ!"

"ಧನ್ಯವಾದಗಳು. ನಿಮ್ಮ ತೊಂದರೆ ದಾಖಲಾಗಿದೆ."

೨. ಬರ್ತೇನಿ

ಇಬ್ರಾಹಿಂಪುರದಾಗ ಸೈಕಲ್ ರಿಪೇರಿ ಮಾಡೋ ಚಾಚಾ ಒಬ್ರು ರೇಷನ್ ಕಾರ್ಡಿನ್ಯಾಗಿನ ಮನಿ ನಂಬರ ತಿದ್ದಿಸಾಕ ಬಂದ್ರು. ಐದ ಮಿನಿಟನ್ಯಾಗ ಕೆಲಸ ಆತು. ಏಳೂ ಮುಂದ ದೊಡ್ಡ ಮನಸ್ಸಿನ ಮನಶ್ಯಾ, ಮಷೀನಿಗೂ ಕೈ ಮುಗದು "ಬರ್ತೇನ್ರಿ ಹಂಗಾರ" ಅಂದ್ರು. ನಮ್ಮ ಮಂದಿ ಹೊಂಡೂ ಮುಂದ ಹೋಗ್ತೇನಿ ಅಂತಾರೇನ್ರಿ?

"ನಾಳೆ ಹತ್ತು ಗಂಟೆಗೆ ಬನ್ನಿ. ಸಮಯ ಕಾಯ್ದಿರಿಸಲಾಗಿದೆ" ಅಂತು ಅದು. ಚಾಚಾನ ಮೊಬೈಲ್ ಟಿಣ್ ಅಂತು.

ಮರುದಿನ ಅಂಗಡಿ ಮುಚ್ಚಿ ಹತ್ತಕ್ಕ ಹಾಜರ. "ನಿಮ್ಮ ಕೆಲಸ ನಿನ್ನೇನ ಮುಗದೈತಿ ಚಾಚಾ" ಅಂದೆ. "ಹೌದಾ? ಬರ್ತೇನಿ ಹಂಗಾರ" ಅಂದ್ರು. ಮತ್ತ ಟಿಣ್! ನಾಕ ದಿನ ಹಿಂಗ ಆತು.

"ಸುಮ್ಮ ಮನ್ಯಾಗ ಇರಬಾರದೇನ್ರಿ?" ಅಂದ್ರ, "ಸರ್ಕಾರ ಇಷ್ಟ ಮರ್ಯಾದೀಲೆ ಕರದಾಗ ಬರದಿದ್ರ ಹೆಂಗವ್ವಾ?" ಅಂದ್ರು.

ಐದನೇ ದಿನ ತುಟಿ ಮ್ಯಾಲೆ ಬೆರಳ ಇಟ್ಟು ಮಾತಾಡಬ್ಯಾಡ್ರಿ ಅಂತ ಸನ್ನಿ ಮಾಡಿದೆ. ಚಾಚಾ ಚಪ್ಪಲಿ ಕೈಯಾಗ ಹಿಡಕೊಂಡು ತುದಿಗಾಲಲೆ ಬಾಗಲತನಕ ಹೋದ್ರು. ಅಲ್ಲಿ ಹೊಳ್ಳಿ ನಿಂತು ಖುಷೀಲೆ ಅಂದ್ರು: "ಬರ್ತೇನವ್ವಾ!"

ಟಿಣ್.

೩. ಗಂಡನ ಹೆಸರು

ತಿಂಗಳದ ಕಡೀ ದಿನ. ಪರೀಕ್ಷಾ ಮಾಡಾಕ ಸಾಹೇಬ್ರು ಖುದ್ದ ಬಂದು ಕುಂತಿದ್ರು. ಕಳ್ಳಕವಟಗಿ ಊರಿನ ಆಯಿ ಒಬ್ಬಾಕಿ ಬಂದ್ಲು. ತೊರವಿಗೆ ಮಗಳ ಮನಿಗೆ ಬಂದಾಗೆಲ್ಲ ಮುದುಕರ ಪಗಾರದ, ಅಂದ್ರ ವೃದ್ಧಾಪ್ಯ ವೇತನದ ಅರ್ಜಿ ಹಾಕಾಕ ಬರತಿದ್ಲು. ಇದು ಮೂರನೇ ಸಲ, ಹಿಂದಿನ ಎರಡೂ ಸಲ ಅರ್ಜಿ ಅರ್ಧಕ್ಕ ಬಿಟ್ಟ ಹೋಗಿದ್ಲು.

"ನಿಮ್ಮ ಪತಿಯ ಹೆಸರು?" ಅಂತು ಮಷೀನ.

ಆಯಿ ತಲಿ ಮ್ಯಾಲೆ ಸೆರಗ ಎಳಕೊಂಡು, "ನಮ್ಮ ಮನಿಯಾವ್ರು" ಅಂದ್ಲು.

"'ಮನಿಯಾವ್ರು' ಎಂದು ನಮೂದಿಸಲೇ?"

"ಛೀ, ಸುಡ್ಲಿ ಇದರ ಬಾಯಿ!"

"ಹೆಸರ ಹೇಳಿಬಿಡ ಆಯಿ" ಅಂದೆ ನಾ.

"ಐವತ್ತ ವರ್ಷ ಬಾಳೇ ಮಾಡೇನಿ ಬೇ, ಅವರ ಹೆಸರ ಹಿಡದಿಲ್ಲ. ಮದುವ್ಯಾಗ ಒಮ್ಮೆ ಎಲ್ಲಾರೂ ಕಾಡಿದಾಗ ಒಡಪಿನ ಪದದಾಗ ಹೆಸರ ಕಟ್ಟಿ ಹೇಳಿದ್ದs ಕಡೀದು."

"ಹಂಗಾರ ಈಗೂ ಒಡಪಿನ್ಯಾಗ ಹೇಳ."

"ಮೊದಲ ನೀ ಹೇಳ. ನಿನಗ ಗಂಡ ಇಲ್ಲೇನ?"

ಪಾಳಿಯಾಗಿನ ಹೆಣಮಕ್ಕಳೆಲ್ಲಾ "ಹೇಳ್ರಿ ಬಾಯಾರ!" ಅಂತ ಗದ್ದಲ ಹಾಕಿದ್ರು. ಸಾಹೇಬ್ರ ಮುಂದ ನಾಚಿಕಿ ಬಂತು. ಆದ್ರ ಆಯಿ ಮತ್ತ ಬರಿಗೈಲೆ ಹೋಗಬಾರದಲ್ಲ? ಕಣ್ಣ ಮುಚ್ಚಿ ಅಂದೆ:

"ತಿಕೋಟಾ ದ್ರಾಕ್ಷಿ ತಿಂದ್ರ ಬಾಯೆಲ್ಲಾ ಸಿಹಿ,
ಮಹಾದೇವರಾಯರ ಹೆಸರಿಗೆ ನಂದೊಂದು ಸಹಿ."

"ಧನ್ಯವಾದಗಳು" ಅಂತು ಮಷೀನ. "ಅರ್ಜಿದಾರರ ಪತಿ ಮಹಾದೇವ. ಅರ್ಜಿ ಸಲ್ಲಿಸಲೇ?"

ಯವ್ವಾ! ನನ್ನ ಗಂಡನ್ನ ಆಯಿಗೆ ಬರದ ಕೊಡಾಕತ್ತೇತಿ! ನಾ ಬಾಯಿ ತಗಿಯೋದ್ರಾಗ ಆಯಿ ಚಪ್ಪಾಳಿ ತಟ್ಟಿ, "ಅಡ್ಡಿ ಇಲ್ಲವಾ, ಅಡ್ಡಿ ಇಲ್ಲ!" ಅಂದ್ಲು.

"ಇಲ್ಲ ಎಂದಿದ್ದೀರಿ. ಅರ್ಜಿ ರದ್ದಾಗಿದೆ."

ಮಂದಿ ಬಿದ್ದ ಬಿದ್ದ ನಕ್ಕರು. ಸಾಹೇಬ್ರು ಚಷ್ಮಾ ತಗದು ಕಣ್ಣ ಒರಿಸಿಕೊಂಡು, ಕೀಬೋರ್ಡ ನನ್ನ ಕಡೆ ನೂಕಿದ್ರು. "ಬಾಯಾರ, ಕುರ್ಚಿ ನಿಮಗs ಇರಲಿ. ಇದಕ್ಕ ಯಾರ ಗಂಡ ಯಾರು ಅನ್ನೋದೂ ತಿಳಿಯಂಗಿಲ್ಲ" ಅಂದು ನಗಕೋಂತ ಹೊರಗ ಹೋದ್ರು.

ನನಗ ಜೀವ ಬಂದಂಗಾತು. "ಈಗ ಕಿವ್ಯಾಗರ ಹೇಳ ಆಯಿ" ಅಂದೆ.

ಆಯಿ ಬಗ್ಗಿ, ಸೆರಗ ಅಡ್ಡ ಹಿಡದು, ಮೆಲ್ಲಕ ಅಂದ್ಲು: "ಅದು ಬರೋಬ್ಬರಿ ಬರದಿತ್ತ ಬೇ. ನಮ್ಮ ಮುದುಕಂದೂ ಅದs ಹೆಸರು."

ಸಾಹೇಬ್ರ ಜೀಪ ಗೇಟ ದಾಟೂ ತನಕ ನಾ ಟೈಪ ಮಾಡ್ಲಿಲ್ಲ.