ಸೊಳ್ಳೆಗೆ ಬಂದ ಸೂಜಿಗಂಡಾಂತರ

“ಊರವರ ರಕ್ತವನ್ನೆಲ್ಲ ಹೀರ್ತೀಯಲ್ಲೋ, ನಿಂಗೊಂದು ಸೂಜಿ ಅಂದ್ರೆ ಜೀವ ಬಾಯಿಗೆ ಬರುತ್ತಾ? ತೋಳು ಮಡಿಚು!”

ಹೆಡ್ ಸಿಸ್ಟರ್ ಸಿರಿಂಜು ಹಿಡಿದು ಗುಡುಗಿದರು. ಎದುರಿಗೆ ಲ್ಯಾಬಿನವನು ಕುರ್ಚಿಯನ್ನೇ ಗುರಾಣಿಯಂತೆ ಅಡ್ಡ ಹಿಡಿದು ನಿಂತಿದ್ದ. ದಿನವಿಡೀ ರೋಗಿಗಳ ರಕ್ತ ತೆಗೆಯುವ ಅವನಿಗೆ ಆಸ್ಪತ್ರೆಯವರು ಇಟ್ಟ ಹೆಸರು ಸೊಳ್ಳೆ.

“ನಂಗ್ಯಾಕ್ರೀ ಹೆಪಟೈಟಿಸ್ ಬಿ ಲಸಿಕೆ? ಚಿಕ್ಕವನಿದ್ದಾಗ್ಲೇ ಕಾಮಾಲೆ ಬಂದು ಹೋಗಿದೆ!”

“ಕಾಮಾಲೆ ಎಲ್ಲಾ ಒಂದೇನಾ, ದಡ್ಡ!”

ಗಲಾಟೆ ಕೇಳಿ ಬಂದ ಡಾಕ್ಟರು ನ್ಯಾಯ ತೀರಿಸಿದರು. “ನಿನ್ನ ರಕ್ತ ಪರೀಕ್ಷೆ ಮಾಡು. ರಕ್ಷಣೆ ಇದೆ ಅಂತ ಬಂದ್ರೆ ಲಸಿಕೆ ಬೇಡ.”

ಪರೀಕ್ಷೆಗೂ ಸೂಜಿಯೇ! ಸೊಳ್ಳೆ ಲ್ಯಾಬಿನ ಬಾಗಿಲು ಹಾಕಿಕೊಂಡ. ತಮಗೆ ಲಸಿಕೆ ಫಲಿಸಿದೆಯೇ ನೋಡಬೇಕು ಎಂದು ಹೇಳಿ ಹೆಡ್ ಸಿಸ್ಟರ್ ಬೆಳಿಗ್ಗೆ ತಾವೇ ತಂದಿಟ್ಟ ರಕ್ತದ ಟ್ಯೂಬು ಫ್ರಿಜ್ಜಿನಲ್ಲಿತ್ತು. ಅದರಲ್ಲೇ ಅರ್ಧ ತನ್ನ ಟ್ಯೂಬಿಗೆ ಬಗ್ಗಿಸಿಕೊಂಡ. ಮಧ್ಯಾಹ್ನ ಫಲಿತಾಂಶ ಬಂತು: ಕೋಟೆಯಂಥ ರಕ್ಷಣೆ. ಸೊಳ್ಳೆ ಮದುಮಗನ ಹಾಗೆ ಎಲ್ಲ ವಾರ್ಡುಗಳಿಗೂ ಸುತ್ತು ಹಾಕಿದ.

ಡಾಕ್ಟರಿಗೆ ಅವನಿಗಿಂತ ಹೆಚ್ಚು ಖುಷಿ. “ಭೇಷ್! ಹೆಪಟೈಟಿಸ್ ಬಿ ಇರೋರ ಡಯಾಲಿಸಿಸ್ ಕೋಣೆಗೆ ಹೋಗು ಅಂದ್ರೆ ಎಲ್ರೂ ನೆಪ ಹೇಳ್ತಾರೆ. ನಾಳೆಯಿಂದ ಅಲ್ಲಿ ನಿಂದೇ ಡ್ಯೂಟಿ.”

ಸೊಳ್ಳೆಯ ಮುಖ ಹಿಂಡಿದ ನಿಂಬೆಹಣ್ಣಾಯಿತು. ಅಲ್ಲಿ ಕೈ ಜಾರಿ ಒಂದು ಸೂಜಿ ತಗುಲಿದರೂ ರೋಗ ನೆಟ್ಟಗೆ ಒಳಕ್ಕೆ! ಅಂಗಿಯ ಎರಡೂ ತೋಳು ಮಡಿಚಿಕೊಂಡು ಹೆಡ್ ಸಿಸ್ಟರ್ ಇದ್ದ ಇಂಜೆಕ್ಷನ್ ಕೋಣೆಗೆ ಓಡಿದ.

“ಅಕ್ಕಾ, ಚುಚ್ಚಿಬಿಡಿ! ಮೂರು ಡೋಸೂ ಈಗ್ಲೇ!”

“ಆರು ತಿಂಗಳಲ್ಲಿ ಹಾಕೋದನ್ನ ಒಂದೇ ಸಲ ಚುಚ್ಚೋಕೆ ನೀನೇನು ಸೂಜಿ ದಿಂಬಾ? ಅಲ್ಲಾ, ನಿನ್ನ ರಕ್ತ ಕೋಟೆ ಅಂತಲ್ಲ?”

“ಅದು ನಂದಲ್ಲ ಅಕ್ಕಾ… ನಿಮ್ದು.”

ಬೈಗುಳಕ್ಕೆ ತಯಾರಾಗಿ ಸೊಳ್ಳೆ ಕಣ್ಣು ಮುಚ್ಚಿದ. ಕಣ್ಣು ಬಿಟ್ಟರೆ, ಸಿಸ್ಟರ್ ಸುಣ್ಣ ಬಳಿದ ಗೋಡೆಯಂತೆ ಬಿಳಿಚಿಕೊಂಡಿದ್ದರು.

“ನಾನೂ ಲಸಿಕೆ ಹಾಕಿಸ್ಕೊಂಡಿಲ್ಲ ಕಣೋ,” ಎಂದು ಪಿಸುಗುಟ್ಟಿದರು. “ಬೇರೆಯವರಿಗೆ ಎಷ್ಟು ಬೇಕಾದ್ರೂ ಚುಚ್ತೀನಿ. ನಂಗೆ ಅಂದ್ರೆ ತಲೆ ತಿರುಗುತ್ತೆ. ಆ ಟ್ಯೂಬಲ್ಲಿದ್ದದ್ದು ಲಸಿಕೆ ಹಾಕಿಸ್ಕೊಂಡಿರೋ ನನ್ನ ತಂಗಿ ರಕ್ತ.”

ಸೊಳ್ಳೆಗೆ ಹೋದ ಜೀವ ಬಂತು. “ಹಾಗಾದ್ರೆ ಇಬ್ರೂ ಹೋಗಿ ಡಾಕ್ಟರ ಕಾಲು ಹಿಡಿಯೋಣ. ಆಮೇಲೆ ನೀವು ನಂಗೆ ಚುಚ್ಚಿ, ನಾನು ನಿಮಗೆ ಚುಚ್ತೀನಿ!”

“ನೀನು… ನಂಗೆ?” ಸಿಸ್ಟರ್ ಮೆಲ್ಲಗೆ ಎದ್ದರು. “ಇಲ್ಲೇ ಕೂತಿರು. ಮುಖ ತೊಳ್ಕೊಂಡು ಬಂದೆ.”

ಮುಖ ತೊಳೆಯುವವರಿಗೆ ಕೈಚೀಲ, ಛತ್ರಿ, ಊಟದ ಡಬ್ಬಿ ಯಾಕೆ ಬೇಕು ಎಂಬುದು ಸೊಳ್ಳೆಗೆ ಹೊಳೆದದ್ದು ಆಸ್ಪತ್ರೆಯ ದೀಪ ಹತ್ತಿದ ಮೇಲೆ. ಆಗಲೂ ಅವನು ಎರಡೂ ತೋಳು ಮಡಿಚಿಕೊಂಡೇ ಕೂತಿದ್ದ.