ಕದ್ದರೇ ಬದುಕುವ ಮರುಗ

ಗುಂಡ್ಲುಪೇಟೆಯಲ್ಲಿ ನನ್ನದೊಂದು ಹಿಟ್ಟಿನ ಮಿಲ್ ಇದೆ. ಮಿಲ್ಲಿನ ಹಿಂದೆ ಮನೆ, ಮನೆಯ ಹಿಂದೆ ಹಿತ್ತಲು. ದೊಡ್ಡಪತ್ರೆ, ಒಂದೆಲಗ, ಪುದೀನ, ತುಳಸಿ, ಮಜ್ಜಿಗೆಹುಲ್ಲು, ಹೀಗೆ ಔಷಧಕ್ಕೂ ಅಡುಗೆಗೂ ಆಗುವುದನ್ನೆಲ್ಲ ಅಲ್ಲಿ ಬೆಳೆಸಿದ್ದೇನೆ. ತೆರಕಣಾಂಬಿಯಲ್ಲಿ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದಾಗ ಹಿಡಿದ ಹುಚ್ಚು ಇದು, ಇನ್ನೂ ಬಿಟ್ಟಿಲ್ಲ. ರಾಗಿ ಬೀಸಿಸಲು ಬಂದವರು ಕಾಯುತ್ತ ಕೂರುವುದಿಲ್ಲ, ಹಿತ್ತಲಿಗೆ ನುಗ್ಗುತ್ತಾರೆ. ನುಗ್ಗಿದ ಮೇಲೆ ಏನಾದರೊಂದು ಆಗಿಯೇ ಆಗುತ್ತದೆ. ನಾನು ನಗುವ ಆಸಾಮಿಯಲ್ಲ. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕ ಮೇಲೆಯೇ, ಓ, ಇದು ನಗುವಂಥದ್ದು ಎಂದು ನನಗೆ ತಿಳಿಯುತ್ತಿತ್ತು.

ಕೆಮ್ಮಿನ ಔಷಧ

ಭೀಮನಬೀಡಿನಿಂದ ಒಬ್ಬರು ರೈತರು ರಾಗಿ ಮೂಟೆ ಇಳಿಸಿದವರೇ ಕೆಮ್ಮತೊಡಗಿದರು. ಹಿಟ್ಟಿನ ಧೂಳಿಗೆ ಕೆಮ್ಮುವುದು ಬೇರೆ, ಇದು ಎದೆಯೊಳಗಿನ ಕೆಮ್ಮು. ನಾನು ಮಿಲ್ ನಿಲ್ಲಿಸಿ ಒಂದು ಹಿಡಿ ದೊಡ್ಡಪತ್ರೆ ಎಲೆ ಕಿತ್ತು ಕೊಟ್ಟೆ. ಕೆಂಡದ ಮೇಲೆ ಬಾಡಿಸಬೇಕು, ರಸ ಹಿಂಡಬೇಕು, ಜೇನುತುಪ್ಪ ಬೆರೆಸಬೇಕು, ಬರಿ ಹೊಟ್ಟೆಗೆ ಕುಡಿಯಬೇಕು ಎಂದು ಎರಡೆರಡು ಸಲ ಹೇಳಿದೆ. ಅವರು ಕೈಮುಗಿದು ಎಲೆಯನ್ನು ಟವಲಿನಲ್ಲಿ ಕಟ್ಟಿಕೊಂಡು ಹೋದರು.

ಮುಂದಿನ ವಾರ ಮತ್ತೆ ಬಂದರು. ಅವರಿಗಿಂತ ಮುಂಚೆ ಅವರ ಕೆಮ್ಮು ಬಂತು.

“ಏನು, ವಾಸಿಯಾಗಲಿಲ್ಲವೇ?” ಎಂದೆ.

“ಕೆಮ್ಮು ಅಂಗೇ ಅದೆ ಕಣಣ್ಣ. ಆದ್ರೆ ನಮ್ಮನೆಯವ್ಳು ಮಾಡಿದ್ ಬಜ್ಜಿ ಇತ್ತಲ್ಲ, ಆಹಾ! ಇನ್ನೊಂದೆರಡು ಇಡಿ ಕೊಟ್ಬುಡಿ, ನೆಂಟ್ರು ಬತ್ತಾವ್ರೆ.”

ಬಸ್ಸಿನಲ್ಲಿ ಕಂಪು

ಗಿಡದ ಕಡ್ಡಿಯನ್ನು ಕೇಳಿ ಪಡೆದರೆ ಬರುವುದಿಲ್ಲ, ಕದ್ದು ತಂದರೆ ಚಿಗುರುತ್ತದೆ ಎನ್ನುವುದು ನಮ್ಮ ಕಡೆಯ ಹೆಂಗಸರ ನಂಬಿಕೆ. ನನ್ನ ಹೆಂಡತಿ ಅದರಲ್ಲಿ ಎತ್ತಿದ ಕೈ. ನಾನು ಗೊಬ್ಬರ, ಮಣ್ಣು, ಬಿಸಿಲು ಎಂದು ಲೆಕ್ಕ ಹಾಕುವವನು. ಕದ್ದರೆ ಬೇರು ಹೆಚ್ಚು ಬಿಡುತ್ತದೆಯೇ ಎಂದು ಗೇಲಿ ಮಾಡುತ್ತಿದ್ದೆ.

ಹರದನಹಳ್ಳಿಯ ನೆಂಟರ ಮನೆಗೆ ನಾಮಕರಣಕ್ಕೆ ಹೋಗಿದ್ದೆವು. ಅವರ ಅಂಗಳದಲ್ಲಿ ಮರುಗ ಪೊದೆಯಾಗಿ ಬೆಳೆದಿತ್ತು. ಮಲ್ಲಿಗೆಯ ಜೊತೆ ಸೇರಿಸಿ ಕಟ್ಟುತ್ತಾರಲ್ಲ, ಆ ಕಂಪಿನ ಸಣ್ಣ ಎಲೆಯ ಗಿಡ. “ಬೇಕಾದ್ರೆ ಕಿತ್ಕೊಡ್ತೀನಿ, ತಕೊಂಡೋಗವ್ವ,” ಎಂದರು ಮನೆಯೊಡತಿ. “ಅಯ್ಯೋ ಬ್ಯಾಡಿ ಬುಡಿ, ನಮ್ಗ್ಯಾಕೆ,” ಎಂದಳು ಇವಳು.

ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತಿದೆವು. ಬಸ್ಸು ಹೊರಟಿದ್ದೇ ತಡ, ಒಳಗೆಲ್ಲ ಮರುಗದ ಕಂಪು. “ಯಾರ್ರೀ ಮರುಗ ತಂದಿರೋದು?” ಎಂದು ಕಂಡಕ್ಟರ್ ಕೂಗಿದ. ಇವಳು ನನ್ನನ್ನು ನೋಡಿದಳು. ಇಡೀ ಬಸ್ಸು ನನ್ನನ್ನು ನೋಡಿತು. ಕೊನೆಗೆ ಇವಳು ಸೆರಗಿನ ಗಂಟು ಬಿಚ್ಚಬೇಕಾಯಿತು. ಮುಂದಿನ ಸೀಟಿನವರು ಒಂದು ಎಸಳು ಕೇಳಿದರು, ಹಿಂದಿನವರು ಎರಡು. ಕಂಡಕ್ಟರ್ ಒಂದನ್ನು ಜೇಬಿಗೆ ಸಿಕ್ಕಿಸಿಕೊಂಡ. ತೆರಕಣಾಂಬಿ ದಾಟುವ ಹೊತ್ತಿಗೆ ಉಳಿದದ್ದು ಒಂದೇ ಕಡ್ಡಿ.

“ಎಲ್ಲರಿಗೂ ಯಾಕೆ ಹಂಚಿದೆ?” ಎಂದು ರೇಗಿದೆ.

“ಕೇಳ್ದೋರ್ಗೆ ಇಲ್ಲ ಅನ್ನದು ಪಾಪ ಅಲ್ವಾ?”

“ಮತ್ತೆ ಕದಿಯೋದು?”

“ಅದು ಪದ್ಧತಿ,” ಎಂದಳು.

ಆ ಒಂದು ಕಡ್ಡಿಯೇ ನಮ್ಮ ಹಿತ್ತಲಿನಲ್ಲಿ ಕುಂಡ ತುಂಬ ಬೆಳೆಯಿತು. ದಿನಾ ಬೆಳಗ್ಗೆ ಪೂಜೆಗೆ ಒಂದು ಎಸಳು, ಅವಳ ಮುಡಿಗೆ ಒಂದು. ನನಗೆ ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ: ಮಿಲ್ಲಿನ ಸದ್ದಿನಲ್ಲಿ ಅವಳು ಹಿಂದೆ ಬಂದು ನಿಂತರೂ ಆ ಕಂಪಿನಿಂದಲೇ ನನಗೆ ಗೊತ್ತಾಗುತ್ತಿತ್ತು.

ಹೇಳಿಕೇಳಿ ಕಳ್ಳತನ

ಹಿತ್ತಲ ಗೋಡೆಯ ಆಚೆಗೆ ಹಾಸಿಗೆ ಹೊಲೆಯುವ ಭಾಯಿಯ ಮನೆ. ಅವರ ಹೆಂಡತಿಗೆ ಬಿರಿಯಾನಿಗೆಂದು ಪುದೀನ ಬೇಕು. ನಾನು ಬೇರುಸಹಿತ ಡಬ್ಬದಲ್ಲಿ ನೆಟ್ಟು ಕೊಟ್ಟೆ. ಸತ್ತಿತು. ಮತ್ತೆ ಕೊಟ್ಟೆ, ಅದೂ ಸತ್ತಿತು. ಮಣ್ಣು ಸರಿಯಿಲ್ಲ ಎಂದು ನಾನು ಹೇಳುತ್ತಿದ್ದರೆ ನನ್ನ ಹೆಂಡತಿ ನಡುವೆ ಬಾಯಿ ಹಾಕಿದಳು.

“ಕೈಯೆತ್ತಿ ಕೊಟ್ರೆ ಎಲ್ಲಿ ಬತ್ತದೆ? ನಾಳೆ ಬಂದು ಕದ್ಕೊಂಡೋಗು. ಹಿತ್ಲು ಬಾಗ್ಲು ತೆಗ್ದಿರ್ತೀನಿ.”

ಮಾರನೆಯ ದಿನ ಬಾಗಿಲಲ್ಲಿ ಕೂಗು ಕೇಳಿಸಿತು. “ಅಕ್ಕಾ, ಕದಿಯಕ್ಕೆ ಬಂದಿದೀನಿ! ಆ ಕಡೆ ತಿರುಗ್ಕೊಳಿ!”

ಇವಳು ಒರಳಿನ ಮುಂದೆ ಕೂತವಳು ಗೋಡೆ ಕಡೆ ತಿರುಗಿಕೊಂಡಳು. ನನ್ನನ್ನೂ ತಿರುಗಿಸಿದಳು. ಪುದೀನ ಅವರ ಮನೆಯಲ್ಲಿ ಹಬ್ಬಿತು. ಆಮೇಲೆ ಅವರಿಗೂ ರುಚಿ ಹತ್ತಿತು. ಒಂದು ದಿನ ಮರುಗದ ಕುಂಡದಲ್ಲಿ ಒಂದು ಕಡ್ಡಿ ಕಡಿಮೆಯಾಗಿತ್ತು. ಇದನ್ನು ಮಾತ್ರ ಯಾರೂ ಹೇಳಿ ಕದ್ದಿರಲಿಲ್ಲ. ನಾನು ಗೋಡೆಯ ಕಡೆ ಹೊರಟೆ. ಇವಳು ನನ್ನ ಅಂಗಿ ಹಿಡಿದು ಎಳೆದಳು.

“ಸುಮ್ಕಿರಿ! ಈಗ್ಲೇ ಸರಿಯಾಗ್ ಕಲ್ತವ್ಳೆ.”

ಸಂತಾಪದ ನೀರು

ಹೋದ ವರ್ಷ ಅವಳು ತೀರಿಕೊಂಡಳು. ಎರಡು ದಿನ ಎದೆನೋವು ಎಂದಳು, ಅಷ್ಟೇ. ನನ್ನ ಹಿತ್ತಲಿನ ಯಾವ ಎಲೆಯೂ, ಆಸ್ಪತ್ರೆಯ ಔಷಧವೂ ಕೆಲಸಕ್ಕೆ ಬರಲಿಲ್ಲ.

ಮಾತಾಡಿಸಲು ಬಂದವರು ನನ್ನ ಮುಂದೆ ಸ್ವಲ್ಪ ಹೊತ್ತು ಕೂರುವರು, ಏನು ಹೇಳಬೇಕೆಂದು ತೋಚದೆ ಹಿತ್ತಲಿಗೆ ಎದ್ದು ಹೋಗುವರು. ಅವಳ ಮರುಗದ ಕುಂಡ ಕಣ್ಣಿಗೆ ಬೀಳುವುದು. “ಪಾಪ, ಒಣಗ್ತಾ ಅದೆ,” ಎಂದು ಒಂದು ಚೊಂಬು ನೀರು ಹೊಯ್ಯುವರು. ಅವರು ಹೋದ ಮೇಲೆ ಮತ್ತೊಬ್ಬರು, ಮತ್ತೊಂದು ಚೊಂಬು. ಬಜ್ಜಿ ತಿಂದ ಭೀಮನಬೀಡಿನವರು ಬಂದು ಬಕೆಟ್ಟನ್ನೇ ಎತ್ತಿದರು. ಎಲ್ಲರೂ ಹೋದ ಮೇಲೆ, ಇವತ್ತು ನಾನು ಇನ್ನೂ ಹಾಕಿಲ್ಲವಲ್ಲ ಎಂದು ನಾನೂ ಒಂದು ಚೊಂಬು ಹಾಕುತ್ತಿದ್ದೆ. ಮರುಗಕ್ಕೆ ನೀರು ಹೆಚ್ಚಾಗಬಾರದು ಎಂದು ಊರಿಗೆಲ್ಲ ಹೇಳಿಕೊಟ್ಟವನು ನಾನೇ.

ಬೇರು ಕೊಳೆತು ಗಿಡ ಕಪ್ಪಾಯಿತು. ಅದನ್ನು ಕಿತ್ತ ದಿನ ಅತ್ತುಬಿಟ್ಟೆ. ಅವಳು ಹೋದ ದಿನ ಅಷ್ಟು ಅತ್ತಿರಲಿಲ್ಲ. ಅಷ್ಟರಲ್ಲಿ ಒಬ್ಬರು ಬಂದು ಖಾಲಿ ಕುಂಡ ನೋಡಿದರು. “ನೀರು ಸಾಲ್ದಾಗಿತ್ತು ಕಣಣ್ಣ,” ಎಂದರು.

ಹಿಟ್ಟಿನ ಕೈ

ಈಗ ಮತ್ತೆ ಆ ಕುಂಡದ ತುಂಬ ಮರುಗ ಇದೆ. ಎಲ್ಲಿಂದ ಬಂತು ಎಂದು ಕೇಳುವವರಿಗೆ ನಾನು ಹೇಳುವುದಿಲ್ಲ. ಇಲ್ಲಿ ಹೇಳಿಬಿಡುತ್ತೇನೆ.

ಅವಳ ಗಿಡದ ಕುಡಿ ಉಳಿದಿದ್ದುದು ಒಂದೇ ಕಡೆ, ಭಾಯಿಯ ಅಂಗಳದಲ್ಲಿ. ಕೇಳಿದ್ದರೆ ಪೊದೆಯನ್ನೇ ಕೊಡುತ್ತಿದ್ದರು. ಆದರೆ ಕೇಳಲು ಭಯವಾಯಿತು. ಕೇಳಿ ತಂದದ್ದು ಬಾರದೆ ಹೋದರೆ? ಜೀವಮಾನವೆಲ್ಲ ಗೇಲಿ ಮಾಡಿದವನಿಗೆ ಆ ನಂಬಿಕೆಯನ್ನು ಪರೀಕ್ಷೆ ಮಾಡುವ ಧೈರ್ಯ ಇರಲಿಲ್ಲ.

ಒಂದು ಮಧ್ಯಾಹ್ನ ಮಿಲ್ ನಿಲ್ಲಿಸಿದೆ. ಒರಳುಕಲ್ಲಿನ ಮೇಲೆ ಹತ್ತಿ ಗೋಡೆ ದಾಟಿದೆ. ಪಂಚೆ ಗೋಡೆಗೆ ಸಿಕ್ಕಿಕೊಂಡಿತು. ಮೈಯೆಲ್ಲ ರಾಗಿ ಹಿಟ್ಟು. ಹಿಡಿದಲ್ಲೆಲ್ಲ ಎರಡೂ ಕೈಯ ಅಚ್ಚು. ಗಿಡದ ಮುಂದೆ ಕುಕ್ಕುರುಗಾಲಲ್ಲಿ ಕೂತು ಕಡ್ಡಿಗೆ ಕೈ ಹಾಕಿದೆ. ಕಂಪು ಬಂತು. ಹಿಂದೆ ಯಾರೋ ಬಂದು ನಿಂತ ಹಾಗಾಯಿತು.

ನಿಂತೇ ಇದ್ದರು. ಭಾಯಿ, ಕೈಯಲ್ಲಿ ಹತ್ತಿ ಬಡಿಯುವ ಕೋಲು.

“ಯಾರ್ಲಾ ಅದು! ಅಯ್ಯೋ, ಅಣ್ಣಾ ನೀವಾ? ಬಾಗ್ಲಲ್ಲಿ ಬರೋದಲ್ವಾ? ಇರಿ, ಬೇರ್‌ಸಮೇತ ಕಿತ್ಕೊಡ್ತೀನಿ.”

ಅಷ್ಟರಲ್ಲಿ ಒಳಗಿಂದ ಅವರ ಹೆಂಡತಿ ಓಡಿ ಬಂದರು.

“ರೀ, ಮುಟ್ಬೇಡಿ! ಕೊಟ್ರೆ ಅದು ಬರಲ್ಲ. ಅಕ್ಕ ಹೇಳಿಕೊಟ್ಟಿದ್ದು ಮರ್ತೋಯ್ತಾ? ಆ ಕಡೆ ತಿರುಗ್ಕೊಳಿ!”

ಗಂಡ ಹೆಂಡತಿ ಇಬ್ಬರೂ ನನಗೆ ಬೆನ್ನು ಮಾಡಿ ಗೋಡೆ ನೋಡುತ್ತ ನಿಂತರು. ನಾನು ಕಡ್ಡಿ ಹಿಡಿದೇ ಕೂತೆ. ಮುರಿಯಲು ಕೈ ಬರಲಿಲ್ಲ. ಕಣ್ಣು ತುಂಬಿ ಗಿಡವೇ ಕಾಣುತ್ತಿರಲಿಲ್ಲ. ಒರೆಸಿಕೊಂಡೆ, ಹಿಟ್ಟು ಕಣ್ಣಿಗೆ ಹೋಗಿ ಇನ್ನಷ್ಟು ನೀರು ಬಂತು.

ತುಂಬ ಹೊತ್ತಾದ ಮೇಲೆ ಭಾಯಿ ತಿರುಗದೆಯೇ ಮೆಲ್ಲಗೆ ಕೇಳಿದರು.

“ಆಯ್ತಾ ಅಣ್ಣಾ?”

“ಇನ್ನೂ ಇಲ್ಲ ಭಾಯಿ.”

“ಪರ್ವಾಗಿಲ್ಲ, ನಿಧಾನಕ್ಕೆ ಕದೀರಿ. ನಾವೆಲ್ಲೂ ಓಗಲ್ಲ.”